ಹನ್ನೊಂದು ನಿಮಿಷದ ಗೋಡೆ

ವಾರವಿಡೀ ಲಿಫ್ಟಿನ ಗುಂಡಿಯಲ್ಲಿ ನಿಂತು
ಗ್ರೀಸು, ಉಕ್ಕಿನ ಹಗ್ಗ, ಹಲ್ಲುಗಾಲಿ.
ಇಪ್ಪತ್ತು ತೆತ್ರಿಯ ಬಿಲ್ಲೆ ಹಾಕಿ
ಟಿಬಿಲಿಸಿಯ ಅರ್ಧ ಊರು ನನ್ನ ತಲೆಯ ಮೇಲೆ
ಹತ್ತಿ ಇಳಿಯುತ್ತದೆ.
ಭಾನುವಾರ ಮಾತ್ರ ನನಗೆ ಬಿಸಿಲು ಬೇಕು.

ಸೊಲೊಲಾಕಿಯ ಏರುಬೀದಿಯಲ್ಲಿ ಒಂದು ಮನೆ ನಿಂತಿದೆ.
ನಿಂತಿಲ್ಲ, ಒರಗಿದೆ.
ಕಂಕುಳಿಗೆ ನಾಲ್ಕು ಕಬ್ಬಿಣದ ತೊಲೆ ಊರುಗೋಲು.
ಬಾಗಿಲ ಮೇಲೊಂದು ಗಾರೆಯ ಮುಖ,
ಹೆಂಗಸೋ ಸಿಂಹವೋ ಬರೀ ಸಿಡುಕೋ
ನಡುಹಗಲಲ್ಲಿ ನೋಡಿದರೆ ತಿಳಿಯುವುದಿಲ್ಲ.
ನೆತ್ತಿಯ ಬಿಸಿಲು ಮದುವೆಮನೆಗೆ ಬಂದ ನೆಂಟನ ಹಾಗೆ,
ಎಲ್ಲವೂ ಚೆನ್ನಾಗಿದೆ ಅನ್ನುತ್ತದೆ.

ಓರೆಬಿಸಿಲು ಹಾಗಲ್ಲ.
ಅಕ್ಟೋಬರಿನ ಎರಡನೆಯ ವಾರ, ಒಂಬತ್ತು ನಲವತ್ತಕ್ಕೆ
ಎದುರುಮನೆಯ ಚಿಮಣಿ ದಾಟಿ
ಗೋಡೆಯನ್ನು ಸವರಿಕೊಂಡು ಬರುತ್ತದೆ,
ಸೀರೆ ಕೊಳ್ಳುವವಳು ನೇಯ್ಗೆಯನ್ನು
ಬೆರಳಲ್ಲಿ ತಡವಿ ನೋಡುವ ಹಾಗೆ.
ಒಂದೊಂದು ಉಬ್ಬಿಗೂ ಅದರದೇ ನೆರಳನ್ನು ಅಳೆದು ಕೊಡುತ್ತದೆ.
ಆಗ ಮುಖಕ್ಕೆ ಮೂಗು ಬರುತ್ತದೆ.
ತುಟಿ ಬರುತ್ತದೆ, ತುಟಿಯ ಕೆಳಗೆ
ಯಾವನೋ ಗಾರೆಯವನ ಹೆಬ್ಬೆರಳು ಒತ್ತಿದ ಗುಳಿ.
ಗಾರೆ ಹಸಿಯಿದ್ದಾಗ ಅವನು ಅಲ್ಲಿ
ಕೈ ಊರಿ ಕೆಳಗೆ ನೋಡಿರಬೇಕು,
ಊಟ ಬಂತೇ ಎಂದು.
ಹನ್ನೊಂದು ನಿಮಿಷ.
ಆಮೇಲೆ ಮತ್ತೆ ಸಿಡುಕು.

ಒಂಬತ್ತು ಅಕ್ಟೋಬರ್ ಹೋಗಿದ್ದೇನೆ.
ಎರಡು ಸಲ ಮೋಡ.
ಒಂದು ಸಲ ಕ್ಯಾಮೆರಾದಲ್ಲಿ ರೀಲೇ ಇರಲಿಲ್ಲ,
ಹೆಂಡತಿಗೆ ಇವತ್ತಿಗೂ ಹೇಳಿಲ್ಲ.
ಒಂದು ಸಲ ಮೇಲಿನ ಬಾಲ್ಕನಿಯಲ್ಲಿ ಒಣಹಾಕಿದ ಹೊದಿಕೆ
ಮುಖಕ್ಕೆ ನೆರಳಿನ ಮುಸುಕು ಹೊದಿಸಿತ್ತು.
"ಸ್ವಲ್ಪ ಎಳೆದುಕೊಳ್ಳಿ ಅಮ್ಮಾ" ಎಂದೆ.
"ನಿನ್ನ ಫೋಟೋಕ್ಕೂ ಬಿಸಿಲು ಬೇಕು, ನನ್ನ ಬಟ್ಟೆಗೂ ಬೇಕು,
ಮೊದಲು ಬಂದವಳು ನಾನು" ಎಂದಳು ತ್ಸಿಯಾಲ.
ಮೂರು ನಿಮಿಷ ಉಳಿದಿರುವಾಗ ಎಳೆದುಕೊಂಡಳು.

ಈ ವರ್ಷ ಹೋದರೆ
ಎದುರುಮನೆಯ ಜಾಗದಲ್ಲಿ ಹದಿನಾಲ್ಕು ಅಂತಸ್ತಿನ ಗಾಜು.
ಮೂರು ಲಿಫ್ಟು, ಒಳ್ಳೆಯ ಕಂಪನಿಯವು,
ನನಗೆ ಕೆಲಸ ಸಿಕ್ಕರೂ ಸಿಗಬಹುದು.
ಒಂಬತ್ತು ನಲವತ್ತಾಯಿತು. ಐವತ್ತಾಯಿತು.
ಟ್ರೈಪಾಡು ಇಳಿಜಾರಿನಲ್ಲಿ
ಒಂದು ಕಾಲು ಚಾಚಿ ನಿಂತೇ ಇತ್ತು.
ಮನೆಯ ಒಂದು ಇಟ್ಟಿಗೆಯನ್ನೂ ಯಾರೂ ಮುಟ್ಟಿರಲಿಲ್ಲ.
ರಕ್ಷಿತ ಕಟ್ಟಡ ಎಂಬ ತಗಡನ್ನು
ಹೊಸದಾಗಿ ಹೊಡೆದಿದ್ದರು ಕೂಡ.
ಬಿಸಿಲನ್ನಷ್ಟೇ ಕೆಡವಿದ್ದರು.

"ನುಗ್ಜಾರ್, ಮೇಲೆ ಬಾ" ಎಂದು ಕೂಗಿದಳು ತ್ಸಿಯಾಲ,
"ಒಂಬತ್ತು ವರ್ಷ ಮುಖ ನೋಡಿದೆ, ಹೊಟ್ಟೆ ನೋಡಲಿಲ್ಲ."
ಮೆಟ್ಟಿಲು ನರಳಿದವು.
ಒಳಗೆ ಕಿಟಕಿಯ ಅಡ್ಡಗೋಲಿಗೆ
ದ್ರಾಕ್ಷಿರಸದಲ್ಲಿ ಅದ್ದಿದ ಅಕ್ರೋಟಿನ ಸರ
ನೆರಳಲ್ಲೇ ಗಟ್ಟಿಯಾಗಲು ಕಾಯುತ್ತಿದ್ದವು.
ಬ್ರೆಡ್ಡು, ಚೀಸು, ಅವಳ ಮೊಣಕಾಲಿನ ಕತೆ.
"ನಾಲ್ಕರ ತನಕ ಕೂತಿರು" ಎಂದಳು.

ನಾಲ್ಕಕ್ಕೆ ಪಡುವಣ ಸೂರ್ಯ ಮಾಡಿನ ಮೇಲಿಂದ ಹಾದು
ಎದುರು ಗಾಜಿಗೆ ಬಡಿದು ತಿರುಗಿ ಬಂತು.
ಕೋಣೆಯ ನೆಲದಲ್ಲಿ ತುಂಡು ತುಂಡು ಬೆಳಕು,
ನೀರಿನ ಹಾಗೆ ನಡುಗುತ್ತಾ.
"ಬೆಳಿಗ್ಗೆ ಇಡೀ ನೋಟು ಕಿತ್ತುಕೊಳ್ಳುತ್ತಾರೆ,
ಸಂಜೆ ಚಿಲ್ಲರೆ ಕೊಡುತ್ತಾರೆ" ಎಂದಳು.
ನಗಲಿಲ್ಲ. ಎದ್ದು ಬಟ್ಟೆಯ ಬುಟ್ಟಿ ಎತ್ತಿಕೊಂಡಳು.

ಓಡಿ ಇಳಿದೆ.
ಮುಖ ಎಚ್ಚರವಾಗಿತ್ತು, ಆದರೆ ಬೇರೆ ಯಾರದೋ ಆಗಿತ್ತು.
ಎರಡು ಗಾಜಿನಿಂದ ಎರಡು ಬೆಳಕು,
ಒಂದೇ ಮೂಗಿಗೆ ಎರಡು ನೆರಳು.
ಹೆಬ್ಬೆರಳಿನ ಗುಳಿಯನ್ನು ಹುಡುಕಿದೆ, ಕಾಣಲಿಲ್ಲ.
ಹುಬ್ಬಿನ ಮೇಲೊಂದು ಹಳೆಯ ಉಳಿಯೇಟು ಕಂಡಿತು,
ಒಂಬತ್ತು ವರ್ಷ ನನ್ನಿಂದ ಬಚ್ಚಿಟ್ಟದ್ದು.

ಅಷ್ಟರಲ್ಲಿ ಮೇಲಿನಿಂದ
ಒದ್ದೆ ಹೊದಿಕೆಯ ನೆರಳು ಇಳಿಯತೊಡಗಿತು,
ಹಣೆಗೆ, ಹುಬ್ಬಿಗೆ.
ಈ ಸಲ ಎಳೆದುಕೊಳ್ಳಿ ಎನ್ನಲಿಲ್ಲ.
ಕ್ಲಿಕ್.
ತಲೆಯ ಮೇಲೆ ಒಂದು ಹನಿ ಬಿತ್ತು.